ಹೊರಗೆ ಕೊಡುವುದಿಲ್ಲ: ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐದು ದಿನ

ಮೊದಲ ದಿನ, ಶನಿವಾರ

ಮೊಮ್ಮಗನಿಗೆ ಎರಡು ತಿಂಗಳು ತುಂಬಿತು. ಅದೇ ವಾರ ಅಳಿಯನ ಅಮ್ಮ ಊರಿಂದ ಬಂದಿಳಿದರು. ನನಗೆ ಬಾಣಂತನದಿಂದ ಐದು ದಿನ ರಜೆ. ವೀಸಾದ 90 ದಿನಗಳಲ್ಲಿ 60 ಆಗಲೇ ಖರ್ಚಾಗಿತ್ತು. ಅಷ್ಟು ದಿನದಲ್ಲಿ ನಾನು ನೋಡಿದ ಆಮ್‌ಸ್ಟರ್‌ಡ್ಯಾಮ್ ಎಂದರೆ ವಿಮಾನ ನಿಲ್ದಾಣ, ಮಗಳ ಅಡುಗೆಮನೆ, ಓಮ ಮತ್ತು ಒಣಶುಂಠಿ ಸಿಗುವ ಒಂದು ಇಂಡಿಯನ್ ಅಂಗಡಿ.

“ಟುಲಿಪ್ ಮುಗೀತು ಅಮ್ಮಾ. ಗಾಳಿಯಂತ್ರ ನೋಡ್ಕೊಂಡು ಬಾ,” ಎಂದಳು ಮಗಳು.

“ನಾನು ಲೈಬ್ರರಿ ನೋಡ್ತೇನೆ,” ಎಂದೆ.

“ಮೂವತ್ತು ವರ್ಷ ಅದರೊಳಗೇ ಇದ್ದೆಯಲ್ಲ, ಸಾಕಾಗ್ಲಿಲ್ವಾ?”

ಸಾಕಾಗಿರಲಿಲ್ಲ. ಮಂಗಳೂರಿನ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್ ಆಗಿದ್ದವಳು ನಾನು. ಎಂದೋ ಓದಿದ್ದ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತ್ತು. ಆಮ್‌ಸ್ಟರ್‌ಡ್ಯಾಮ್‌ನ ಪೋರ್ಚುಗೀಸ್ ಯಹೂದಿಗಳು 1616ರಲ್ಲಿ ಶುರು ಮಾಡಿದ ಪುಸ್ತಕ ಭಂಡಾರ ಈಗಲೂ ನಡೆಯುತ್ತಿದೆ. ಹೆಸರು ಎಟ್ಸ್ ಹಾಯಿಮ್. ಹೀಬ್ರೂವಿನಲ್ಲಿ ಹಾಗೆಂದರೆ ಜೀವವೃಕ್ಷ. ಇವತ್ತಿಗೂ ಕೆಲಸ ಮಾಡುತ್ತಿರುವ ಯಹೂದಿ ಲೈಬ್ರರಿಗಳಲ್ಲಿ ಜಗತ್ತಿಗೇ ಹಳೆಯದು ಇದು. ನಾಲ್ಕು ನೂರು ವರ್ಷ! ನಮ್ಮ ಕಾಲೇಜಿನ ಕಪಾಟುಗಳಿಗೆ ನಾಲ್ಕು ಮಳೆಗಾಲ ಗೆದ್ದಲು ಹತ್ತದಂತೆ ನೋಡಿಕೊಳ್ಳುವುದೇ ನನಗೆ ದೊಡ್ಡ ಕೆಲಸವಾಗಿತ್ತು.

ಟ್ರಾಮು ಹಿಡಿದು, ಮೆಟ್ರೋ ಬದಲಿಸಿ ವಾಟರ್ಲೂಪ್ಲೇನ್‌ನಲ್ಲಿ ಇಳಿದೆ. ದಾರಿ ಸರಿ ಇತ್ತು. ದಿನ ತಪ್ಪಿತ್ತು. ಯಹೂದಿಗಳ ಲೈಬ್ರರಿ ನೋಡಲು ಅವರ ವಾರದ ವಿಶ್ರಾಂತಿಯ ಸಬ್ಬತ್ ದಿನ, ಶನಿವಾರ ಹೊರಟಿದ್ದೆ ನಾನು! ಇಟ್ಟಿಗೆ ಗೋಡೆಯ ದೊಡ್ಡ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಅದರ ಸುತ್ತ ತಗ್ಗಾದ ಕಟ್ಟಡಗಳು, ಎಲ್ಲ ಬಾಗಿಲೂ ಹಾಕಿತ್ತು. ಪುಸ್ತಕದ ಬಗ್ಗೆ ಅಷ್ಟು ಓದಿಕೊಂಡವಳು ವಾರದ ಬಗ್ಗೆ ಯೋಚಿಸಲಿಲ್ಲ. ಲೈಬ್ರರಿಗೆ ಸಮಯ ಕೇಳಿದ್ದು ಸೋಮವಾರಕ್ಕೆ, ಅದೊಂದು ಪುಣ್ಯ.

ಸುಮ್ನೆ ಮನೆಗೆ ಹೋದರೆ ಮಗಳು ನಗುತ್ತಾಳೆ. ಐದು ನಿಮಿಷ ನಡೆದರೆ ಚಿತ್ರಕಾರ ರೆಂಬ್ರಾಂಟ್ ಇದ್ದ ಮನೆ ಸಿಗುತ್ತದೆ. ಈಗ ಮ್ಯೂಸಿಯಂ. 1639ರಲ್ಲಿ ಸಾಲ ಮಾಡಿ ಕೊಂಡ ಮನೆ ಅದು. ಬೀದಿಯ ಹೆಸರೇ ಯಹೂದಿಗಳ ಅಗಲ ಬೀದಿ ಎಂದು. ಸಾಲ ತೀರಲಿಲ್ಲ, ದಿವಾಳಿಯಾದ. 1656ರ ಜುಲೈ 25 ಮತ್ತು 26ರಂದು ಅಧಿಕಾರಿಗಳು ಕೋಣೆ ಕೋಣೆಗೆ ಹೋಗಿ ಕುರ್ಚಿ, ಕನ್ನಡಿ, ಚಿತ್ರ, ಚಿಪ್ಪು, ಎಲ್ಲ ಬರೆದುಕೊಂಡರು. ಈಗ ಆ ಮನೆಯನ್ನು ಮತ್ತೆ ತುಂಬಿಸಿ ಇಟ್ಟಿರುವುದು ಆ ಪಟ್ಟಿ ನೋಡಿಕೊಂಡೇ. ಪಟ್ಟಿ ಅಂದರೆ ನನಗೆ ಪ್ರಾಣ. ಸಾಮಾನು ಹೋಯಿತು, ಮನೆ ಹೋಯಿತು, ಪಟ್ಟಿ ಮಾತ್ರ ಉಳಿಯಿತು ನೋಡಿ.

ಜುಲೈ 26 ಎಂಬ ತಾರೀಕನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಐದನೇ ದಿನ ಅದು ಕೆಲಸಕ್ಕೆ ಬಂತು.

ರೆಂಬ್ರಾಂಟ್‌ನ ನೆರೆಯಲ್ಲೇ ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಇದ್ದ. ಹೆಸರು ಮೆನಾಸೆ ಬೆನ್ ಇಸ್ರಾಯೆಲ್. ಅವನ ಒಂದು ಪುಸ್ತಕಕ್ಕೆ 1655ರಲ್ಲಿ ರೆಂಬ್ರಾಂಟ್ ನಾಲ್ಕು ಚಿತ್ರ ಕೆತ್ತಿಕೊಟ್ಟ. ಈ ಮೆನಾಸೆಯೇ 1627ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೊದಲ ಹೀಬ್ರೂ ಅಚ್ಚುಕೂಟ ಹಾಕಿದವನು. ಆಗ ಅವನಿಗೆ ಇಪ್ಪತ್ತಮೂರು ವರ್ಷವೂ ತುಂಬಿತ್ತೋ ಇಲ್ಲವೋ. ಮೊದಲು ಅಚ್ಚು ಹಾಕಿದ್ದು ಒಂದು ಪ್ರಾರ್ಥನಾ ಪುಸ್ತಕ.

ಎರಡನೇ ದಿನ, ಭಾನುವಾರ

ಸಿನಗಾಗ್ ತೆರೆದಿತ್ತು. 1675ರ ಆಗಸ್ಟ್ 2ರಂದು ಉದ್ಘಾಟನೆಯಾದ ಕಟ್ಟಡ. ಪೋರ್ಚುಗೀಸರ ಮಾತಿನಲ್ಲಿ ‘ಎಸ್ನೋಗಾ’. ಒಳಗೆ ಕಾಲಿಟ್ಟ ಕೂಡಲೇ ಕಾಲಡಿಗೆ ಸರ್ ಸರ್ ಎಂದಿತು. ನೋಡಿದರೆ ಮರದ ನೆಲದ ಮೇಲೆ ಸಣ್ಣ ಮರಳು. ಧೂಳು ಮತ್ತು ಒದ್ದೆ ಹೀರಲಿ, ಹೆಜ್ಜೆ ಸದ್ದು ತಗ್ಗಲಿ ಎಂದು ಹಾಕುತ್ತಾರಂತೆ. ಇಷ್ಟು ದೊಡ್ಡ ಸಭಾಂಗಣಕ್ಕೆ ವಿದ್ಯುತ್ ಇಲ್ಲ. 72 ಕಿಟಕಿಗಳ ಬೆಳಕು, ಕತ್ತಲಾದರೆ ಹಿತ್ತಾಳೆ ದೀಪಗುಚ್ಛಗಳಲ್ಲಿ ಒಂದು ಸಾವಿರ ಮೇಣದ ಬತ್ತಿ. ಜೂನ್ ತಿಂಗಳಾದ್ದರಿಂದ ಬೆಳಕು ಧಾರಾಳವಾಗಿತ್ತು. ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ. ಬೀಗಿತ್ತಿಗೆ ಅದೇ ದೊಡ್ಡ ಚಿಂತೆ, ದೀಪ ಹಚ್ಚುವ ಹೊತ್ತು ಯಾವುದು ಎಂದು.

ಗ್ರಂಥದ ಸುರುಳಿಗಳನ್ನು ಇಡುವ ದೊಡ್ಡ ಕಪಾಟು ಬ್ರೆಜಿಲ್‌ನಿಂದ ತಂದ ಮರದ್ದು. ಡಚ್ಚರು ಬ್ರೆಜಿಲ್‌ನ ಒಂದು ಭಾಗ ಆಳುತ್ತಿದ್ದಾಗ ಇಲ್ಲಿನ ಒಬ್ಬ ರಬ್ಬಿ 1642ರಿಂದ 1654ರವರೆಗೆ ಅಲ್ಲಿನ ರೆಸೀಫೆಯಲ್ಲಿದ್ದ. ಐಸಾಕ್ ಅಬೊಆಬ್ ಡ ಫೊನ್ಸೆಕಾ. ಅಲ್ಲಿಂದ ವಾಪಸು ಬಂದವನು ಈ ಸಿನಗಾಗ್ ಕಟ್ಟಲೇಬೇಕೆಂದು ಹಟ ಹಿಡಿದು ಕಟ್ಟಿಸಿದ. ಅವನೂ ಪುಸ್ತಕದ ಮನುಷ್ಯ. ಆ ಮಾತು ನಾಳೆಗೆ.

ಬೆಂಚಿನ ಮೇಲೆ ಕೂತು ಯೋಚಿಸಿದೆ. ಈ ಜನ ಎಲ್ಲಿಂದ ಬಂದವರು? 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗೆ ಹಾಕಿತು. ಬಹಳ ಜನ ಪಕ್ಕದ ಪೋರ್ಚುಗಲ್‌ಗೆ ಹೋದರು. 1497ರಲ್ಲಿ ಅಲ್ಲಿ ಎಲ್ಲರಿಗೂ ಒತ್ತಾಯದ ಮತಾಂತರ. 1536ರಲ್ಲಿ ಇನ್‌ಕ್ವಿಸಿಷನ್ ಬಂತು. ಮನೆಯೊಳಗೆ ಹಳೆಯ ಆಚಾರ ಮಾಡುತ್ತೀರಾ ಎಂದು ಹುಡುಕುವ, ಹಿಂಸಿಸುವ, ಸುಡುವ ನ್ಯಾಯಾಲಯ.

ಮಂಗಳೂರಿನವರಿಗೆ ಈ ಶಬ್ದ ಹೊಸದಲ್ಲ. ಇದೇ ಪೋರ್ಚುಗೀಸ್ ಇನ್‌ಕ್ವಿಸಿಷನ್ 1560ರಲ್ಲಿ ಗೋವಾಕ್ಕೂ ಬಂತು. ಗೋವಾ ಬಿಟ್ಟು ನಮ್ಮ ಕರಾವಳಿಗೆ ಇಳಿದ ಕೊಂಕಣಿ ಮನೆಗಳಲ್ಲಿ ಆ ಕಾಲದ ಮಾತು ಈಗಲೂ ಬರುತ್ತದೆ. ಗೋವಾದಲ್ಲಿ ಮೊದಮೊದಲು ಅದರ ಕಣ್ಣು ಇದ್ದದ್ದು ಯಹೂದಿ ಮೂಲದ ‘ಹೊಸ ಕ್ರೈಸ್ತ’ರ ಮೇಲೆ. ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಅಂಥವನು. ನಮ್ಮ ನಾಡಿನ ಗಿಡಮೂಲಿಕೆ, ಮಸಾಲೆಗಳ ಬಗ್ಗೆ ಅವನು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅವನು ಸತ್ತದ್ದು 1568ರಲ್ಲಿ. 1580ರಲ್ಲಿ ಅವನ ಮೂಳೆಗಳನ್ನು ಗೋರಿಯಿಂದ ತೆಗೆದು ಸುಟ್ಟರು. ಹೆಣವನ್ನೂ ಬಿಡಲಿಲ್ಲ ಅಂದರೆ ಯೋಚಿಸಿ.

1590ರ ದಶಕದಿಂದ ಈ ಹೊಸ ಕ್ರೈಸ್ತರು ಒಬ್ಬೊಬ್ಬರೇ ಆಮ್‌ಸ್ಟರ್‌ಡ್ಯಾಮ್ ಸೇರಿದರು. ಮತ್ತೆ ಯಹೂದಿಗಳಾಗುತ್ತೇವೆ ಎಂದರು. ಆದರೆ ಹೇಗೆ? ಸುಮಾರು ನೂರು ವರ್ಷ ಕಳೆದಿತ್ತು. ನಾಲ್ಕು ತಲೆಮಾರು ಚರ್ಚಿಗೆ ಹೋಗಿದ್ದರು. ಅಜ್ಜಿ ಗುಟ್ಟಾಗಿ ಹೇಳಿಕೊಟ್ಟ ಒಂದೆರಡು ಉಪವಾಸ, ಶುಕ್ರವಾರ ಮುಚ್ಚಿ ಹಚ್ಚುವ ದೀಪ, ಅಷ್ಟೇ ಉಳಿದಿತ್ತು. ಹೀಬ್ರೂ ಓದಲು ಬಾರದು. ಮನೆಯಲ್ಲಿ ಪೋರ್ಚುಗೀಸ್, ಓದಿಗೆ ಸ್ಪ್ಯಾನಿಷ್. ಹಬ್ಬ ಯಾವಾಗ, ಪ್ರಾರ್ಥನೆ ಹೇಗೆ, ಯಾವ ಆಹಾರ ಬೇಡ, ಹೇಳಿಕೊಡಬೇಕಾದ ಹಿರಿಯರಿಗೇ ಗೊತ್ತಿಲ್ಲ.

ಹೀಗಾಗಿ ಇವರು ಪುಸ್ತಕ ಕೂಡಿಹಾಕಿದ್ದು ಶೋಕಿಗಲ್ಲ. ಬೇರೆ ಊರಿನ ಶ್ರೀಮಂತರು ಕಪಾಟು ತುಂಬಿಸಿದ ಹಾಗಲ್ಲ ಇದು. ಇವರಿಗೆ ಪುಸ್ತಕವೇ ಅಜ್ಜ, ಅಜ್ಜಿ, ಪುರೋಹಿತ. 1553ರಲ್ಲಿ ಇಟಲಿಯ ಫೆರಾರಾದಲ್ಲಿ ಬೈಬಲ್ಲಿನ ಸ್ಪ್ಯಾನಿಷ್ ಅನುವಾದ ಅಚ್ಚಾಗಿತ್ತು. ಅದು ಇಲ್ಲಿನವರ ಆಧಾರವಾಯಿತು. ವೆನಿಸ್‌ನಿಂದ ರಬ್ಬಿಗಳು ಬಂದರು, ಹೀಬ್ರೂ ಪುಸ್ತಕಗಳೂ ಬಂದವು. 1616ರಲ್ಲಿ ಮಕ್ಕಳಿಗೆ ಶಾಲೆ ಶುರುವಾಯಿತು, ಅದರ ಜೊತೆಗೇ ಪುಸ್ತಕದ ಕೋಣೆ.

ಶಾಲೆ ಗಂಡುಮಕ್ಕಳಿಗೆ ಮಾತ್ರ. ಅದನ್ನೂ ಬರೆದುಕೊಂಡೆ.

ಹೊರಗೆ ಚೌಕದಲ್ಲಿ ಬಂದರಿನ ಕೂಲಿಯೊಬ್ಬನ ಕಂಚಿನ ಪ್ರತಿಮೆ ಇದೆ. 1941ರ ಫೆಬ್ರವರಿಯಲ್ಲಿ ನಾಜಿಗಳು ಯಹೂದಿಗಳನ್ನು ಹಿಡಿದೊಯ್ದದ್ದಕ್ಕೆ ಊರಿನ ಕಾರ್ಮಿಕರು ಮುಷ್ಕರ ಹೂಡಿದ ನೆನಪಿಗೆ. ಯುದ್ಧದ ವರ್ಷಗಳಲ್ಲಿ ನೆದರ್ಲೆಂಡ್ಸ್‌ನ ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೊಲೆಯಾದರು. ಕಟ್ಟಡ ಉಳಿಯಿತು.

ಮೂರನೇ ದಿನ, ಸೋಮವಾರ

ಹತ್ತು ಗಂಟೆಗೆ ಹೇಳಿದ್ದರು. ನಾನು ಒಂಬತ್ತೂವರೆಗೇ ಹೋಗಿ ನಿಂತೆ.

ಎಟ್ಸ್ ಹಾಯಿಮ್ ಇರುವುದು ಸಿನಗಾಗ್ ಸುತ್ತಲಿನ ಆ ತಗ್ಗು ಕಟ್ಟಡಗಳಲ್ಲೇ. ಒಳಗೆ ಹೋದರೆ ಎರಡು ಅಂತಸ್ತಿನ ಎತ್ತರಕ್ಕೂ ಪುಸ್ತಕ. ಸುರುಳಿಯಾಗಿ ಮೇಲೇರುವ ಮರದ ಮೆಟ್ಟಿಲು. ಮೇಲಂತಸ್ತಿನ ನೆಲದ ನಡುವೆ ಎಂಟು ಮೂಲೆಯ ತೆರಪು, ಅದರ ಮೇಲೆ ಗಾಜು. ಆಕಾಶದ ಬೆಳಕು ನೇರ ಕೆಳಗಿನ ಮೇಜಿಗೆ ಬೀಳುತ್ತದೆ. ನಮ್ಮ ಕಡೆಯ ತೊಟ್ಟಿಮನೆಯ ಅಂಗಳದ ಹಾಗೆ. ದೀಪ ಹಚ್ಚಿದರೆ ಬೆಂಕಿಯ ಭಯ, ಹಚ್ಚದಿದ್ದರೆ ಓದಲಾಗದು. ಅದಕ್ಕೆ ಮಾಡು ಕೊರೆದು ಸೂರ್ಯನನ್ನೇ ಒಳಗೆ ಕರೆದಿದ್ದಾರೆ.

ವಾಸನೆ ಮಾತ್ರ ನನಗೆ ಚೆನ್ನಾಗಿ ಗೊತ್ತು. ಹಳೇ ಚರ್ಮದ ಬೈಂಡು, ಮರ, ಕಾಗದ. ನ್ಯಾಫ್ತಲಿನ್ ಗುಳಿಗೆಯ ಘಾಟು ಒಂದೇ ಇಲ್ಲಿಲ್ಲ.

ಇಲ್ಲಿರುವುದು ಸುಮಾರು 30,000 ಅಚ್ಚಾದ ಪುಸ್ತಕ, 500ಕ್ಕೂ ಹೆಚ್ಚು ಹಸ್ತಪ್ರತಿ. ಅಚ್ಚಿನಲ್ಲಿ ಹಳೆಯದು 1484ರದ್ದು, ಹಸ್ತಪ್ರತಿಯಲ್ಲಿ 1282ರದ್ದು. 2003ರಲ್ಲಿ ಯುನೆಸ್ಕೋ ಇದನ್ನು ಜಗತ್ತಿನ ನೆನಪುಗಳ ಪಟ್ಟಿಗೆ ಸೇರಿಸಿತು. ಅಂಕಿ ಅಂಶ ಇಷ್ಟು. ನನಗೆ ಬೇಕಿದ್ದದ್ದು ಬೇರೆ: ಇಲ್ಲಿ ಪುಸ್ತಕ ಎರವಲು ಕೊಡುತ್ತಿದ್ದರಾ?

ಇದಕ್ಕೆ ಉತ್ತರ ಬರೆದಿಟ್ಟವನು ಒಬ್ಬ ಹಾಡುಗಾರ. ಶಬ್ಬೆತಾಯ್ ಬಾಸ್, ಪೋಲೆಂಡಿನ ಕಾಲಿಷ್ ಊರಿನವನು. ಹುಡುಗನಾಗಿದ್ದಾಗಲೇ ದಾಳಿಯೊಂದರಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ. ಪ್ರಾಗ್ ಸೇರಿ ಅಲ್ಲಿನ ಹಳೆಯ ಸಿನಗಾಗ್‌ನಲ್ಲಿ ಮಂದ್ರ ಸ್ವರಕ್ಕೆ ಹಾಡುತ್ತಿದ್ದ. ‘ಬಾಸ್’ ಎಂಬ ಹೆಸರು ಬಂದದ್ದು ಹಾಗೆ. ಅವನ ಹುಚ್ಚು ಮಾತ್ರ ಪುಸ್ತಕದ ಪಟ್ಟಿ. ಊರೂರು ಸುತ್ತಿ, ಕಪಾಟು ಕಪಾಟು ನೋಡಿ, ಸುಮಾರು 2,200 ಹೀಬ್ರೂ ಪುಸ್ತಕಗಳ ಹೆಸರು, ಬರೆದವರು, ಅಚ್ಚಾದ ಊರು ಎಲ್ಲ ಬರೆದ. 1680ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಅದನ್ನು ಅಚ್ಚು ಹಾಕಿಸಿದ. ಹೆಸರು ‘ಸಿಫ್ತೇ ಯೆಶೇನಿಮ್’, ಮಲಗಿರುವವರ ತುಟಿಗಳು. ಹೀಬ್ರೂ ಪುಸ್ತಕಗಳಿಗೆ ಯಹೂದಿಯೊಬ್ಬ ಮಾಡಿದ ಮೊದಲ ಗ್ರಂಥಸೂಚಿ ಅದು. ಇಂಥ ಪಟ್ಟಿಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಅವನೇ ಹತ್ತು ಉತ್ತರ ಕೊಟ್ಟಿದ್ದಾನೆ. ಅದರಲ್ಲಿ ಒಂದು ನನಗೆ ತುಂಬ ಹಿಡಿಸಿತು. ಓದಿ ಅರ್ಥ ಮಾಡಿಕೊಳ್ಳಲಾರದ ಸಾಮಾನ್ಯರು ಪುಸ್ತಕಗಳ ಹೆಸರು ಹೇಳಿದರೂ ಪುಣ್ಯ ಬರುತ್ತದಂತೆ! ನಮ್ಮ ವಿಷ್ಣುಸಹಸ್ರನಾಮದ ಲೆಕ್ಕವೇ ಅಲ್ವಾ ಇದು? ನಾನು ಮೂವತ್ತು ವರ್ಷ ಅಕ್ಸೆಷನ್ ರಿಜಿಸ್ಟರ್ ಬರೆದವಳು. ನನ್ನ ಖಾತೆಯಲ್ಲಿ ಎಷ್ಟು ಜಮೆಯಾಗಿರಬಹುದು!

ಬಾಸ್ ಈ ಶಾಲೆಯನ್ನೂ ನೋಡಿ ಬರೆದಿದ್ದಾನೆ. ಆರು ತರಗತಿ. ಅಕ್ಷರ ಕಲಿಯುವವರಿಂದ ಹಿಡಿದು ತಾಲ್ಮುದ್ ಎಂಬ ಧರ್ಮಶಾಸ್ತ್ರ ಗ್ರಂಥ ಓದುವವರವರೆಗೆ ಕ್ರಮವಾಗಿ ಮೇಲೇರುವ ಪಾಠ. ಬೈಬಲ್ ಓದಿದ ಕೂಡಲೇ ಸ್ಪ್ಯಾನಿಷ್‌ನಲ್ಲಿ ಅರ್ಥ. ನಮ್ಮ ಕಡೆ ಹೀಗೆ ಯಾಕಿಲ್ಲ ಎಂದು ಹಲುಬುತ್ತಾನೆ. ಆಮೇಲೆ ಪುಸ್ತಕದ ಕೋಣೆಯ ವಿಷಯ ಬರುತ್ತದೆ. ಪಾಠಶಾಲೆ ನಡೆಯುವಷ್ಟು ಹೊತ್ತೂ ಆ ಕೋಣೆ ತೆರೆದಿರುತ್ತದೆ. ಓದಬೇಕೆಂದು ಬಂದವರಿಗೆ ಕೇಳಿದ್ದನ್ನು ಕೊಡುತ್ತಾರೆ. ಆದರೆ ಹೊರಗೆ ಮಾತ್ರ ಕೊಡುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

ಎಷ್ಟು ದುಡ್ಡು ಕೊಟ್ಟರೂ! ಇದನ್ನು ಬೋರ್ಡು ಬರೆಸಿ ನನ್ನ ಹಳೇ ಮೇಜಿನ ಹಿಂದೆ ತೂಗುಹಾಕಬೇಕಿತ್ತು. ದುಡ್ಡಿನ ಮಾತು ಯಾಕೆ ಬಂತು ಎಂಬುದೂ ಅರ್ಥವಾಗುತ್ತದೆ. ಈ ಊರಿನಲ್ಲಿ ದುಡ್ಡಿತ್ತು. ಸಕ್ಕರೆ, ವಜ್ರ, ಹಡಗು ವ್ಯಾಪಾರದವರು. ಅಂಥವರಿಗೂ ಇಲ್ಲ ಅಂದರೆ ಈ ಕಪಾಟು ಯಾರದ್ದು ಎಂಬುದು ಸ್ಪಷ್ಟ. ಬಡ ಹುಡುಗನೂ ಇಲ್ಲಿಗೆ ಬರಬೇಕು, ವರ್ತಕನೂ ಇಲ್ಲಿಗೇ ಬರಬೇಕು.

ಹೋಲಿಸಿ ನೋಡಲು ಇನ್ನೊಬ್ಬ ಇದ್ದಾನೆ. ದಾವಿದ್ ಓಪ್ಪನ್‌ಹೈಮ್, 1702ರಿಂದ ಪ್ರಾಗ್‌ನ ರಬ್ಬಿ. ಆ ಕಾಲದ ಅತಿ ದೊಡ್ಡ ಖಾಸಗಿ ಹೀಬ್ರೂ ಸಂಗ್ರಹ ಅವನದ್ದು. ಹೊಸ ಪುಸ್ತಕ ಬಂದರೆ ತನಗೊಂದು ಪ್ರತಿ ಚರ್ಮದ ಹಾಳೆಯಲ್ಲೋ ನೀಲಿ ಕಾಗದದಲ್ಲೋ ಅಚ್ಚಾಗಬೇಕು, ಅಂಥ ಶೋಕಿ. ಆದರೆ ಪ್ರಾಗ್‌ನಲ್ಲಿ ಸೆನ್ಸಾರ್ ಕಾಟ. ಅದಕ್ಕೆ ಪುಸ್ತಕಗಳನ್ನೆಲ್ಲ ಹ್ಯಾನೋವರ್‌ನಲ್ಲಿ ಮಾವನ ಮನೆಯಲ್ಲಿಟ್ಟ. ಯಜಮಾನ ಒಂದು ಊರಲ್ಲಿ, ಪುಸ್ತಕ ಇನ್ನೊಂದು ಊರಲ್ಲಿ. ಅವನು 1736ರಲ್ಲಿ ತೀರಿಕೊಂಡ. ವಾರಸುದಾರರು ಕೊಳ್ಳುವವರಿಗಾಗಿ ದಶಕಗಟ್ಟಲೆ ಕಾದರು. ಕೊನೆಗೆ 1829ರಲ್ಲಿ ಇಡೀ ಸಂಗ್ರಹ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಗೆ 9,000 ಥಾಲರ್‌ಗೆ ಹೋಯಿತು. ಒಬ್ಬನ ಪುಸ್ತಕಕ್ಕೆ ಆ ಒಬ್ಬನ ಆಯುಷ್ಯ.

ಆಮ್‌ಸ್ಟರ್‌ಡ್ಯಾಮ್‌ನಲ್ಲೂ ಖಾಸಗಿ ಸಂಗ್ರಹಗಳು ಹರಾಜಾಗುತ್ತಿದ್ದವು. ಬ್ರೆಜಿಲ್‌ಗೆ ಹೋಗಿ ಬಂದ ಅಬೊಆಬ್ 1693ರಲ್ಲಿ ತೀರಿಕೊಂಡ. ಅದೇ ವರ್ಷ ಅವನ ಪುಸ್ತಕಗಳ ಹರಾಜಿಗೆ ಕ್ಯಾಟಲಾಗ್ ಅಚ್ಚಾಯಿತು. ಹೀಬ್ರೂ ಜೊತೆಗೆ ಸ್ಪ್ಯಾನಿಷ್, ಲ್ಯಾಟಿನ್ ಪುಸ್ತಕಗಳೂ ಅದರಲ್ಲಿದ್ದವು. ರಬ್ಬಿಗಳ ಪುಸ್ತಕಗಳನ್ನು ಹೀಗೆ ಪಟ್ಟಿ ಅಚ್ಚು ಹಾಕಿಸಿ ಮಾರುವುದು ಆಗಷ್ಟೇ ಶುರುವಾಗಿತ್ತು. 1730ರಲ್ಲಿ ಶ್ಲೋಮೊ ಪ್ರೋಪ್ಸ್ ಎಂಬ ಮುದ್ರಕ ತನ್ನ ಅಂಗಡಿಯ ಹೀಬ್ರೂ ಪುಸ್ತಕಗಳಿಗೇ ಒಂದು ಕ್ಯಾಟಲಾಗ್ ತಂದ.

ಈ ಮುದ್ರಕರ ಕತೆ ಹೇಳದಿದ್ದರೆ ಲೈಬ್ರರಿಯ ಕತೆ ಅರ್ಧ. ಮೆನಾಸೆಯ ಬೆನ್ನಿಗೆ ಹತ್ತಾರು ಅಚ್ಚುಕೂಟಗಳು ಬಂದವು. ಹದಿನೇಳನೇ ಶತಮಾನ ಮುಗಿಯುವ ಹೊತ್ತಿಗೆ ಹೀಬ್ರೂ ಪುಸ್ತಕ ಅಂದರೆ ವೆನಿಸ್ ಎನ್ನುವ ಮಾತು ಹೋಗಿ ಆಮ್‌ಸ್ಟರ್‌ಡ್ಯಾಮ್ ಎಂದಾಯಿತು. ಯೋಸೆಫ್ ಅಥಿಯಾಸ್ ಇವರಲ್ಲಿ ದೊಡ್ಡ ಹೆಸರು. ಇವನ ತಂದೆಯನ್ನು ಸ್ಪೇನಿನ ಕಾರ್ಡೋಬಾದಲ್ಲಿ ಇನ್‌ಕ್ವಿಸಿಷನ್ ಸುಟ್ಟಿತ್ತು. ಮಗ ಇಲ್ಲಿ ಕೂತು ತಪ್ಪಿಲ್ಲದ ಹೀಬ್ರೂ ಬೈಬಲ್ ಅಚ್ಚು ಹಾಕಿ, 1667ರಲ್ಲಿ ಡಚ್ ಸರ್ಕಾರದಿಂದ ಚಿನ್ನದ ಪದಕ ತೆಗೆದುಕೊಂಡ. ಇಂಗ್ಲೆಂಡಿಗೆ ಇಂಗ್ಲಿಷ್ ಬೈಬಲ್ ಕೂಡ ಅಚ್ಚು ಹಾಕಿ ಕಳಿಸುತ್ತಿದ್ದ. ನನ್ನ ಬೈಬಲ್ ಇಲ್ಲದ ಒಬ್ಬ ಉಳುವ ಹುಡುಗನೂ, ಒಬ್ಬ ಮನೆಗೆಲಸದವಳೂ ಅಲ್ಲಿಲ್ಲ ಎಂದು ಕೊಚ್ಚಿಕೊಂಡಿದ್ದಾನೆ.

ಜರ್ಮನಿ, ಪೋಲೆಂಡ್ ಕಡೆಯಿಂದ ಬಂದ ಬಡ ಯಹೂದಿಗಳ ಮಾತು ಯಿಡ್ಡಿಷ್. ಅದರಲ್ಲಿ ಬೈಬಲ್ ತರಲು ಅಥಿಯಾಸ್ ಮತ್ತು ಊರಿ ಫೈಬುಶ್ ಎಂಬ ಇನ್ನೊಬ್ಬ ಮುದ್ರಕ ಒಂದೇ ಕಾಲಕ್ಕೆ ಇಳಿದರು. ಇಬ್ಬರ ಅನುವಾದವೂ 1679ರ ಹೊತ್ತಿಗೆ ಹೊರಬಂತು. ಇಬ್ಬರೂ ಪೋಲೆಂಡಿನಿಂದ ಪರವಾನಗಿ ತರಿಸಿದ್ದರು. ಇಬ್ಬರಿಗೂ ನಷ್ಟವಾಯಿತು. ಪಠ್ಯಪುಸ್ತಕ ಸಪ್ಲೈಗೆ ಪೈಪೋಟಿ ಮಾಡಿ ಮುಳುಗಿದ ಇಬ್ಬರು ಅಂಗಡಿಯವರು ನನಗೆ ನೆನಪಾದರು. ಹೆಸರು ಬೇಡ ಬಿಡಿ.

ಆಮ್‌ಸ್ಟರ್‌ಡ್ಯಾಮ್‌ನ ಅಚ್ಚುಮೊಳೆಗೆ ಎಷ್ಟು ಬೆಲೆ ಇತ್ತೆಂದರೆ, ಜರ್ಮನಿಯ ಸಣ್ಣ ಊರುಗಳ ಮುದ್ರಕರು ಮುಖಪುಟದಲ್ಲಿ ‘ಆಮ್‌ಸ್ಟರ್‌ಡ್ಯಾಮ್’ ಎಂದು ದಪ್ಪಕ್ಕೆ ಹಾಕುತ್ತಿದ್ದರು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ‘ಅಕ್ಷರಗಳಲ್ಲಿ’ ಎಂದು. ಅಂದರೆ ಆಮ್‌ಸ್ಟರ್‌ಡ್ಯಾಮ್‌ನ ಅಕ್ಷರಗಳಲ್ಲಿ ಅಚ್ಚಾದದ್ದು ಅಂತ. ಪುಸ್ತಕ ಸಂಗ್ರಹಿಸುವವರು ಇದರಲ್ಲಿ ಈಗಲೂ ಏಮಾರುತ್ತಾರಂತೆ.

ಅಚ್ಚಿಗೆ ಕೊಡದ ಪುಸ್ತಕಗಳೂ ಇಲ್ಲಿವೆ. ಓರೋಬಿಯೋ ದ ಕಾಸ್ಟ್ರೋ ಎಂಬ ವೈದ್ಯ ಸ್ಪೇನಿನಲ್ಲಿ ಇನ್‌ಕ್ವಿಸಿಷನ್‌ನ ಚಿತ್ರಹಿಂಸೆ ತಿಂದು, 1662ರಲ್ಲಿ ಇಲ್ಲಿಗೆ ಬಂದ. ಕ್ರೈಸ್ತ ಮತದ ಜೊತೆ ವಾದ ಹೂಡಿ ಬರೆದ. ಅಂಥದ್ದನ್ನು ಅಚ್ಚು ಹಾಕಿದರೆ ಆಶ್ರಯ ಕೊಟ್ಟ ಊರಿನವರಿಗೇ ಕೋಪ. ಅದಕ್ಕೆ ಕೈಬರಹದಲ್ಲೇ ಪ್ರತಿ ಮಾಡಿ ಕೈಯಿಂದ ಕೈಗೆ ದಾಟಿಸಿದರು. ಈ ಹಸ್ತಪ್ರತಿಗಳ ಅಂದ ನೋಡಬೇಕು. ಅಚ್ಚಿನ ಪುಸ್ತಕದ ಹಾಗೆಯೇ ಮುಖಪುಟ, ಅಂಚಿಗೆ ಬಳ್ಳಿ, ಅಕ್ಷರ ಒಂದೂ ಕೋರೆ ಇಲ್ಲ. ಮುಟ್ಟಲು ನಾನು ಕೇಳಲಿಲ್ಲ. ಕೇಳಿದವರಿಗೆ ನಾನೇ ಎಷ್ಟು ಸಲ ಗದರಿದ್ದೇನೆ!

ನಮ್ಮ ಕಡೆಗೂ ಇಲ್ಲಿಂದ ಒಂದು ಎಳೆ ಇದೆ. 1686ರಲ್ಲಿ ಇಲ್ಲಿನ ಮೋಸೆಸ್ ಪೆರೇರಾ ದ ಪೈವಾ ಕೊಚ್ಚಿಗೆ ಹೋಗಿ ಅಲ್ಲಿನ ಯಹೂದಿಗಳನ್ನು ಕಂಡ. ಅವನ ಪೋರ್ಚುಗೀಸ್ ವರದಿ ಮರುವರ್ಷ ಇಲ್ಲಿ ಅಚ್ಚಾಯಿತು. ಮುಂದೆ ಕೊಚ್ಚಿಯವರ ಪದ್ಧತಿಯ ಪ್ರಾರ್ಥನಾ ಪುಸ್ತಕವೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಗಿ ಹಡಗು ಹತ್ತಿತು.

ಹೊರಗೆ ಕೊಡುವುದಿಲ್ಲ ಎಂದ ಲೈಬ್ರರಿಯಿಂದ ಪುಸ್ತಕಗಳು ಹೊರಗೆ ಹೋದದ್ದು ಎರಡು ಸಲ. ಮೊದಲನೆಯದು ನಾಜಿಗಳ ಕಾಲದಲ್ಲಿ. ಪೆಟ್ಟಿಗೆ ಕಟ್ಟಿ ಜರ್ಮನಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ, ಕದ್ದ ಪುಸ್ತಕಗಳನ್ನು ಅಮೆರಿಕನ್ನರು ಒಂದೆಡೆ ಸೇರಿಸಿದ್ದ ಆಫನ್‌ಬಾಖ್‌ನಿಂದ 1946ರಲ್ಲಿ ಮರಳಿ ಬಂದವು. ಹೆಚ್ಚುಕಡಿಮೆ ಎಲ್ಲವೂ. ಓದುವವರಲ್ಲಿ ಮುಕ್ಕಾಲು ಪಾಲು ಮರಳಲಿಲ್ಲ. ಎರಡನೇ ಸಲ, ನೋಡಿಕೊಳ್ಳುವ ಕೈ ಸಾಲದೆ, 1970ರ ದಶಕದ ಕೊನೆಗೆ ಅಪರೂಪದ ಭಾಗವನ್ನು ಜೆರೂಸಲೇಮಿನ ರಾಷ್ಟ್ರೀಯ ಲೈಬ್ರರಿಗೆ ಎರವಲು ಕೊಟ್ಟರು. 2000ದಲ್ಲಿ ಅದೂ ವಾಪಸು ಬಂತು.

ಹೊರಡುವ ಮುಂಚೆ ಗೋಡೆಯ ಮೇಲೆ ಒಬ್ಬರ ಹೆಸರು ಹುಡುಕಿದೆ. ದಾವಿದ್ ಮೊಂಟೆಜಿನೋಸ್. 1866ರಿಂದ 1916ರಲ್ಲಿ ಸಾಯುವ ತನಕ ಐವತ್ತು ವರ್ಷ ಇಲ್ಲಿ ಲೈಬ್ರೇರಿಯನ್. ಹೆಂಡತಿ ತೀರಿಕೊಂಡ ಮೇಲೆ, 1889ರಲ್ಲಿ, ತನ್ನ ಸ್ವಂತ ಸಂಗ್ರಹವನ್ನೆಲ್ಲ ಇಲ್ಲಿಗೇ ಕೊಟ್ಟುಬಿಟ್ಟ. ಪುಸ್ತಕ, ಕಿರುಹೊತ್ತಿಗೆ, ಚಿತ್ರ ಸೇರಿ ಸುಮಾರು 20,000. ಅಂದಿನಿಂದ ಲೈಬ್ರರಿಯ ಹೆಸರಿಗೆ ಅವನ ಹೆಸರೂ ಸೇರಿದೆ. ಸಂಬಳ ತಿಂದ ಕಡೆಗೇ ಮನೆಯ ಪುಸ್ತಕ ಕೊಟ್ಟ ಲೈಬ್ರೇರಿಯನ್! ಉಲ್ಟಾ ಮಾಡಿದವರ ಕತೆ ನನಗೆ ಜಾಸ್ತಿ ಗೊತ್ತು.

ನಾಲ್ಕನೇ ದಿನ, ಮಂಗಳವಾರ

ಔಡರ್‌ಕೆರ್ಕ್ ಮಗಳ ಮನೆಗೆ ಹತ್ತಿರ. ಆಮ್‌ಸ್ಟಲ್ ನದಿಯ ದಂಡೆಯ ಹಳ್ಳಿ. ಪೋರ್ಚುಗೀಸ್ ಯಹೂದಿಗಳಿಗೆ ಆಮ್‌ಸ್ಟರ್‌ಡ್ಯಾಮ್ ಒಳಗೆ ಸ್ಮಶಾನಕ್ಕೆ ಜಾಗ ಸಿಗಲಿಲ್ಲ. 1614ರಲ್ಲಿ ಇಲ್ಲಿ ನೆಲ ಕೊಂಡರು. ಹೆಣಗಳು ದೋಣಿಯಲ್ಲಿ ಬರುತ್ತಿದ್ದವು.

ಕಲ್ಲುಗಳು ನಿಂತಿಲ್ಲ, ಮಲಗಿವೆ. ಹುಲ್ಲಿನಲ್ಲಿ ಅರ್ಧ ಮುಳುಗಿವೆ. ಕೆಲವಕ್ಕೆ ಬೈಬಲ್ ಕತೆಗಳ ಕೆತ್ತನೆ. ಮಳೆ ಹನಿಯುತ್ತಿತ್ತು. ಊರಲ್ಲಿ ಮಳೆ ಹಿಡಿದಿದೆ ಎಂದು ಬೆಳಿಗ್ಗೆ ಯಜಮಾನರು ಫೋನಿನಲ್ಲಿ ಹೇಳಿದ್ದರು. ಇಲ್ಲಿನ ಮಳೆ ಮಳೆಯೇ ಅಲ್ಲ, ಯಾರೋ ಕೈತೊಳೆದು ಕೊಡವಿದ ಹಾಗೆ.

1616ರಲ್ಲಿ ಫ್ರಾನ್ಸ್‌ನಿಂದ ಒಂದು ಹೆಣ ಇಲ್ಲಿಗೆ ಬಂತು. ಫ್ರಾನ್ಸಿನ ರಾಣಿಯ ವೈದ್ಯ ಎಲಿಯಾಹು ಮೊಂಟಾಲ್ಟೋನದ್ದು. ಜೊತೆಗೆ ಬಂದವನು ಸೌಲ್ ಲೇವಿ ಮೊರ್ತೇರಾ ಎಂಬ ವೆನಿಸ್‌ನ ಯುವಕ. ಮಣ್ಣು ಮಾಡಿ ಹೋಗಬೇಕಿದ್ದವನು ಇಲ್ಲೇ ಉಳಿದು ಊರಿನ ದೊಡ್ಡ ರಬ್ಬಿಯಾದ. ಲೈಬ್ರರಿ ಶುರುವಾದ ವರ್ಷವೇ ಗುರುವೂ ಸಿಕ್ಕಿದ.

ನಾನು ಹುಡುಕಿಕೊಂಡು ಹೋದದ್ದು ಮೆನಾಸೆಯ ಕಲ್ಲು. ಅಚ್ಚುಕೂಟ ಹಾಕಿದ ಮೆನಾಸೆ ದುಡ್ಡು ಮಾಡಲಿಲ್ಲ. ಪುಸ್ತಕ ಹೊತ್ತು ಫ್ರಾಂಕ್‌ಫರ್ಟ್ ಸಂತೆಯ ತನಕ ಹೋದ. ಕ್ರೈಸ್ತ ವಿದ್ವಾಂಸರ ಸ್ನೇಹ ಬೆಳೆಸಿದ. 1655ರಲ್ಲಿ ಲಂಡನ್‌ಗೆ ಹೋಗಿ, ಯಹೂದಿಗಳನ್ನು ಇಂಗ್ಲೆಂಡಿಗೆ ಮತ್ತೆ ಬಿಟ್ಟುಕೊಳ್ಳಿ ಎಂದು ಆಗ ಅಲ್ಲಿ ಆಳುತ್ತಿದ್ದ ಕ್ರಾಮ್‌ವೆಲ್‌ಗೆ ಮನವಿ ಕೊಟ್ಟ. ಎರಡು ವರ್ಷ ಕಾದ. ಅಚ್ಚಿನ ಕೆಲಸದಲ್ಲಿ ಜೊತೆಯಾಗಿದ್ದ ಮಗ ಸ್ಯಾಮುಯೆಲ್ ಅಲ್ಲೇ ತೀರಿಕೊಂಡ. ಮಗನ ಹೆಣ ತೆಗೆದುಕೊಂಡು ಹಡಗು ಹತ್ತಿದ ಅಪ್ಪ ನೆದರ್ಲೆಂಡ್ಸ್‌ನ ಮಿಡ್ಲ್‌ಬರ್ಗ್ ತಲುಪಿ, 1657ರ ನವೆಂಬರ್‌ನಲ್ಲಿ ತಾನೂ ಸತ್ತ. ಮಗನಿಗೆ ಅಲ್ಲಿ ಮಣ್ಣು, ಅಪ್ಪನಿಗೆ ಇಲ್ಲಿ.

ಕಲ್ಲಿನ ಮೇಲೆ ಯಾರೋ ಸಣ್ಣ ಬೆಣಚುಕಲ್ಲು ಇಟ್ಟು ಹೋಗಿದ್ದರು. ಹೂವಿನ ಬದಲು ಕಲ್ಲಿಡುವುದು ಯಹೂದಿಗಳ ರೂಢಿ. ನಾನೂ ಒಂದು ಇಟ್ಟೆ. ಬಸ್ಸು ಬಂತು.

ಐದನೇ ದಿನ, ಬುಧವಾರ

ರೈಲಿನಲ್ಲಿ ಲೈಡನ್, ಅಲ್ಲಿಂದ ಬಸ್ಸಿನಲ್ಲಿ ರೈನ್ಸ್‌ಬರ್ಗ್. ಒಂದು ಪುಟ್ಟ ಮನೆ. 1661ರಿಂದ 1663ರವರೆಗೆ ಇಲ್ಲಿ ಬಾಡಿಗೆಗಿದ್ದವನು ಸ್ಪಿನೋಜಾ. ಕನ್ನಡಕ, ದೂರದರ್ಶಕಗಳಿಗೆ ಗಾಜು ಉಜ್ಜಿ ಬದುಕಿದ ತತ್ವಜ್ಞಾನಿ.

ಅವನೂ ಎಟ್ಸ್ ಹಾಯಿಮ್ ಶಾಲೆಯ ಹುಡುಗನೇ. ಆ ಪುಸ್ತಕಗಳ ನಡುವೆ ಹೀಬ್ರೂ ಕಲಿತವನು. ಇಪ್ಪತ್ತಮೂರನೇ ವಯಸ್ಸಿಗೆ ಸಮುದಾಯ ಅವನನ್ನು ಬಹಿಷ್ಕರಿಸಿತು. ಯಾರೂ ಅವನ ಜೊತೆ ಮಾತಾಡಬಾರದು, ಒಂದೇ ಸೂರಿನಡಿ ಇರಬಾರದು, ಅವನು ಬರೆದದ್ದನ್ನು ಓದಬಾರದು. ಪೋರ್ಚುಗೀಸ್‌ನಲ್ಲಿ ಬರೆದ ಆ ಆಜ್ಞೆಯ ತಾರೀಕು 1656ರ ಜುಲೈ 27. ನೋಟ್‌ಬುಕ್ ತೆಗೆದು ನೋಡಿದೆ. ರೆಂಬ್ರಾಂಟ್ ಮನೆಯ ಸಾಮಾನು ಬರೆದು ಮುಗಿಸಿದ ಮರುದಿನ! ಎರಡು ಜಾಗಕ್ಕೂ ನಡೆದರೆ ಐದು ನಿಮಿಷ. ಒಂದು ಕಡೆ ಒಬ್ಬನ ಮನೆ ಖಾಲಿಯಾಗುತ್ತಿತ್ತು, ಇನ್ನೊಂದು ಕಡೆ ಒಬ್ಬನನ್ನೇ ಹೊರಗೆ ಹಾಕುತ್ತಿದ್ದರು.

ಸಿಟ್ಟು ಬಂತು. ಪುಸ್ತಕ ಹೊರಗೆ ಬಿಡದವರು ಓದಿದವನನ್ನು ಹೊರಗೆ ಬಿಟ್ಟರಲ್ಲ ಎಂದು. ಮತ್ತೆ ಅಮ್ಮಂದಿರ ಬುದ್ಧಿ ಓಡಿತು. ನೆಲೆ ಸಿಕ್ಕಿ ಇನ್ನೂ ಎರಡು ತಲೆಮಾರು. ಒಬ್ಬ ಹುಡುಗನ ಮಾತಿಗೆ ಊರಿನವರು ತಮ್ಮೆಲ್ಲರನ್ನೂ ಓಡಿಸಿದರೆ ಎಂಬ ಹೆದರಿಕೆ ಅವರಿಗೆ ಇರಲಿಲ್ಲವೇ? ಇದ್ದೇ ಇರುತ್ತದೆ. ಆದರೂ ಸಿಟ್ಟು ಪೂರ್ತಿ ಇಳಿಯಲಿಲ್ಲ.

ಸ್ಪಿನೋಜಾ ಸತ್ತದ್ದು 1677ರಲ್ಲಿ, ಹೇಗ್‌ನಲ್ಲಿ. ಆಗಲೂ ಪಟ್ಟಿ ಬರೆದರು. ಸುಮಾರು 160 ಪುಸ್ತಕ. ಹರಾಜಾಗಿ ಚೆದುರಿ ಹೋದವು. ಆಮೇಲೆ ಅಭಿಮಾನಿಗಳು ಆ ಪಟ್ಟಿ ಹಿಡಿದು, ಅದೇ ಮುದ್ರಣಗಳ ಬೇರೆ ಪ್ರತಿಗಳನ್ನು ಹುಡುಕಿ ತಂದು ಈ ಮನೆಯ ಕಪಾಟು ತುಂಬಿಸಿದ್ದಾರೆ. ಯುದ್ಧದಲ್ಲಿ ನಾಜಿಗಳು ಇವನ್ನೂ ಹೊತ್ತೊಯ್ದಿದ್ದರು. ಇವೂ ವಾಪಸು ಬಂದಿವೆ.

ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದೆ. ಗಣಿತ, ಗಾಜಿನ ಶಾಸ್ತ್ರ, ಲ್ಯಾಟಿನ್ ಕವಿಗಳು. ಸ್ಪ್ಯಾನಿಷ್‌ನಲ್ಲಿ ಸರ್ವಾಂಟಿಸ್‌ನ ಕತೆಗಳು. ಮಧ್ಯೆ ಮಧ್ಯೆ ಹಳೆಯ ಬೀದಿ ಕಾಣುತ್ತದೆ. ಹೀಬ್ರೂ ಬೈಬಲ್. ವೆನಿಸ್‌ನಲ್ಲಿ 1551ರಲ್ಲಿ ಅಚ್ಚಾದ, ಹಳೆಯ ಯಹೂದಿ ತತ್ವಜ್ಞಾನಿ ಮೈಮೋನಿಡೀಸ್‌ನ ಗ್ರಂಥ. ಪಸ್ಕ ಹಬ್ಬದ ರಾತ್ರಿ ಮನೆಯವರೆಲ್ಲ ಕೂತು ಓದುವ ಹಗ್ಗಾದಾ. ಮೆನಾಸೆ ಬರೆದ ‘ಇಸ್ರಾಯೆಲಿನ ಭರವಸೆ’. ಬಹಿಷ್ಕಾರವಾಗಿ ಇಪ್ಪತ್ತೊಂದು ವರ್ಷ ಊರಿಂದೂರಿಗೆ, ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಹೋದವನು. ಹಗ್ಗಾದಾವನ್ನು ಯಾರ ಜೊತೆ ಕೂತು ಓದುತ್ತಿದ್ದನೋ.

ಅತಿಥಿಗಳ ಪುಸ್ತಕದಲ್ಲಿ ಐನ್‌ಸ್ಟೈನ್ 1920ರಲ್ಲಿ ಸಹಿ ಹಾಕಿದ್ದಾನೆ. ನಾನು ಈಗಿನ ಪುಸ್ತಕದಲ್ಲಿ ಕನ್ನಡದಲ್ಲೇ ಹೆಸರು ಬರೆದೆ. ಕೆಳಗೆ ‘ಲೈಬ್ರೇರಿಯನ್, ನಿವೃತ್ತ’ ಎಂದೂ ಸೇರಿಸಿದೆ.

ಲೈಡನ್‌ನಲ್ಲಿ ರೈಲಿಗೆ ಕಾಯುತ್ತಿದ್ದಾಗ ಮಗಳ ಫೋನು.

“ಅಮ್ಮಾ, ಎಲ್ಲಿದ್ದೀ? ಅತ್ತೆಗೂ ನನಗೂ ಮಗು ಮಲಗ್ತಾ ಇಲ್ಲ. ನಾಳೆ ಎಣ್ಣೆ ಸ್ನಾನ ನೀನೇ ಮಾಡಿಸ್ಬೇಕು.”

“ಏಳು ಗಂಟೆಗೆ ಬರ್ತೇನೆ. ಎಣ್ಣೆ ಕಾಯಿಸಿದ್ದು ಮೇಲಿನ ಕಪಾಟಿನಲ್ಲಿದೆ, ಎಡಗಡೆಯಿಂದ ಎರಡನೇ ಬಾಟಲಿ,” ಎಂದೆ. “ತೆಗೆದದ್ದನ್ನು ಅಲ್ಲೇ ಇಡಿ.”